ಕೆರೆ ಏರಿಯ ಮೇಲೆ ಒಂದು ಸುತ್ತು

ಹೋಗುವ ಊರು ಗೊತ್ತುಮಾಡದೆ, ಎಲ್ಲಿ ಉಣ್ಣಬೇಕು, ಎಲ್ಲಿ ತಿರುಗಬೇಕು ಎಂಬ ಲೆಕ್ಕವಿಲ್ಲದೆ ನಾಲ್ಕೈದು ಮಂದಿ ಸ್ನೇಹಿತರು ಕಾರು ಹತ್ತಿ ಹಳ್ಳಿ ರಸ್ತೆಗಳಲ್ಲಿ ಸುತ್ತಿ ಬರುವುದು ಹಳೇ ಮೈಸೂರು ಸೀಮೆಯಲ್ಲಿ ಈಗ ರೂಢಿಯಾಗಿದೆ. ‘ಸುಮ್ನೆ ಒಂದು ರೌಂಡ್ ಹೋಗಿ ಬರೋಣ’ ಎಂದು ಒಬ್ಬರು ಅಂದರೆ ಸಾಕು, ಹೊರಡುವುದಕ್ಕೆ ಬೇರೆ ಕಾರಣ ಬೇಡ. ಇಂಥ ಸುತ್ತಾಟಕ್ಕೆ ಹಾಸನ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಭಾಗದಷ್ಟು ಒಪ್ಪುವ ಸೀಮೆ ಅಪರೂಪ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದರಿಂದ ಪಕ್ಕದ್ದಕ್ಕೆ ಸುಮಾರು ಮೂವತ್ತು ನಲವತ್ತು ಕಿಲೋಮೀಟರ್. ಎಲ್ಲಿ ದಾರಿ ತಪ್ಪಿದರೂ ಒಂದು ಗಂಟೆಯೊಳಗೆ ಯಾವುದಾದರೂ ಪೇಟೆ ಸಿಕ್ಕೇ ಸಿಗುತ್ತದೆ. ಗುರಿಯಿಲ್ಲದೆ ಹೊರಟವರಿಗೆ ಬೇಕಾದ ಧೈರ್ಯ ಇದೇ.

ಈ ಸೀಮೆಯ ಹಳ್ಳಿಗಳಲ್ಲಿ ಹೆಚ್ಚು ಹೆಸರಾದದ್ದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಎಚ್.ಡಿ. ದೇವೇಗೌಡರು ಹುಟ್ಟಿದ್ದು ಇಲ್ಲಿ, 1933ರ ಮೇ 18ರಂದು. 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಅವರು ದೇಶದ ಪ್ರಧಾನಿಯಾಗಿದ್ದರು. ಹಾಗಿದ್ದೂ ಊರಿನ ಸುತ್ತಣ ನೋಟ ಅಕ್ಕಪಕ್ಕದ ಊರುಗಳ ನೋಟವೇ: ರಾಗಿ ಹೊಲ, ಭತ್ತದ ಗದ್ದೆ, ತೆಂಗಿನ ತೋಟ, ದೇವಸ್ಥಾನ.

ಇಲ್ಲಿನ ರಸ್ತೆಗಳನ್ನು ಓದುವುದು ಕಲಿತರೆ ಮ್ಯಾಪ್ ನೋಡುವ ಅಗತ್ಯ ಅರ್ಧ ತಪ್ಪುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ರಸ್ತೆಯ ದರ್ಜೆಯನ್ನು ಹೇಳುತ್ತದೆ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ದರೆ ಗ್ರಾಮ ರಸ್ತೆ. ಹಾಸನ, ಚನ್ನರಾಯಪಟ್ಟಣಗಳನ್ನು ಹಾಯುವ ಬೆಂಗಳೂರು–ಮಂಗಳೂರು ಹೆದ್ದಾರಿ 75 ಹಳದಿ ಕಲ್ಲಿನದು. ಬಿಳಿಕೆರೆಯಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಬೇಲೂರಿಗೆ ಹೋಗುವ 373 ಕೂಡ ಹಾಗೆಯೇ. ಸುತ್ತಾಟಕ್ಕೆ ಹೊರಟವರು ಹುಡುಕಬೇಕಾದ್ದು ಕಿತ್ತಳೆ ಕಲ್ಲನ್ನು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಬಯಲು ಸೀಮೆಯಲ್ಲಿ ಐನೂರಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆಲ್ಲ ಸರ್ವಋತು ರಸ್ತೆ ಕೊಡುವುದು ಅದರ ಉದ್ದೇಶ. ಹಿಂದೆ ಎತ್ತಿನ ಗಾಡಿಯ ಜಾಡಾಗಿದ್ದ ಎಷ್ಟೋ ದಾರಿಗಳಿಗೆ ಡಾಂಬರು ಬಿದ್ದದ್ದು ಆಮೇಲೆ. ಈಗ ಸಣ್ಣ ಕಾರಿನಲ್ಲಿ ಇಷ್ಟು ಒಳಗೆ ಹೋಗಿಬರಲು ಆಗುತ್ತಿರುವುದು ಅದರಿಂದಲೇ.

ಡಾಂಬರು ಹೊಸದಾದರೂ ದಾರಿಯ ಓಟ ಹಳೆಯದು. ಈ ರಸ್ತೆಗಳು ನೇರವಾಗಿ ಹೋಗುವುದಿಲ್ಲ. ಕಾರಣವಿಲ್ಲದೆ ಬಾಗಿದಂತೆ ಕಾಣುವ ಜಾಗದಲ್ಲಿ ಸ್ವಲ್ಪ ನಿಂತು ನೋಡಿದರೆ ಸಾಮಾನ್ಯವಾಗಿ ಅಲ್ಲೊಂದು ಕೆರೆ ಇರುತ್ತದೆ. ಕರ್ನಾಟಕದ ಕೆರೆಗಳು ಸುಮಾರು 36,000 ಎಂದು ಲೆಕ್ಕ. ಅವುಗಳಲ್ಲಿ ಹೆಚ್ಚಿನವು ಇಂಥ ಏರುತಗ್ಗಿನ ಬಯಲಿನಲ್ಲಿವೆ. ಎರಡು ದಿಣ್ಣೆಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದರೆ ಕೆರೆಯಾಯಿತು. ಮಳೆಗಾಲದಲ್ಲಿ ತಗ್ಗು ಕೆಸರಾಗುವುದರಿಂದ ಆ ಕಡೆಯ ಊರಿಗೆ ಹೋಗಲು ಏರಿಯೇ ಒಣ ದಾರಿ. ಕಾಲುದಾರಿ ಗಾಡಿದಾರಿಯಾಯಿತು, ಗಾಡಿದಾರಿ ಬಸ್ಸಿನ ದಾರಿಯಾಯಿತು. ಏರಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಆಳದಲ್ಲಿ ಗದ್ದೆ ಮತ್ತು ತೋಟ. ನಡುವೆ ಒಂದೇ ವಾಹನದಷ್ಟು ಅಗಲದ ರಸ್ತೆ. ಏರಿಯ ಮೇಲೆ ಎರಡು ಕಡೆ ಗಮನಿಸಬೇಕಾದ್ದಿದೆ. ನೀರಿನೊಳಗೆ ಎದ್ದು ನಿಂತ ಕಲ್ಲುಕಂಬಗಳ ಜಾಗ ತೂಬು. ಗದ್ದೆಗೆ ನೀರು ಬಿಡುವುದು ಅಲ್ಲಿಂದ. ಏರಿ ಮುಗಿಯುವ ಮೂಲೆಯಲ್ಲಿ ತಗ್ಗಿಸಿ ಕಟ್ಟಿದ ಜಾಗ ಕೋಡಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗುವುದು ಅಲ್ಲಿ. ಎಷ್ಟೋ ಹಳ್ಳಿಗಳಲ್ಲಿ ರಸ್ತೆ ಕೋಡಿಯ ಮೇಲೆಯೇ ಹಾಯುತ್ತದೆ. ಕೋಡಿ ಬಿದ್ದ ದಿನ ಜನ ಬಂದು ಪೂಜೆ ಮಾಡುತ್ತಾರೆ, ಮಕ್ಕಳು ನೀರಾಟವಾಡುತ್ತಾರೆ. ನೋಡಬೇಕಾದ ಸಂಭ್ರಮ ಅದು. ಆದರೆ ಮೊಣಕಾಲು ಮುಟ್ಟುವ ಹರಿವಿಗೂ ಕಾರನ್ನು ಪಕ್ಕಕ್ಕೆ ತಳ್ಳುವ ಬಲವಿರುತ್ತದೆ. ಅಲ್ಲಿಂದ ಹಿಂದಕ್ಕೆ ತಿರುಗುವುದೇ ಸರಿ.

ಕೆರೆಯಾದ ಮೇಲೆ ನಾಲೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅಲ್ಲಿಂದ ಎಡದಂಡೆ ನಾಲೆ ಚನ್ನರಾಯಪಟ್ಟಣದ ಕಡೆಗೆ ಸಾಗಿ ತುಮಕೂರು ಜಿಲ್ಲೆಗೆ ಹೋಗುತ್ತದೆ. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರದ ಕಡೆ ಹರಿಯುತ್ತವೆ. ನಾಲೆಯ ಪಕ್ಕದಲ್ಲಿ ಇಲಾಖೆಯವರು ಓಡಾಡಲು ಮಾಡಿಕೊಂಡ ಮಣ್ಣು ದಾರಿ ಇರುತ್ತದೆ. ಬೇಸಿಗೆಯ ಬೆಳಗಿನಲ್ಲಿ ಆಹ್ಲಾದ ಕೊಡುವ ದಾರಿಯೇನೋ ಹೌದು, ಆದರೆ ಬಹಳ ಕಡೆ ತಡೆಗೋಡೆ ಇಲ್ಲ, ಮಳೆ ಬಿದ್ದರೆ ಅಂಚು ಜಾರುತ್ತದೆ. ನಾಲೆಗೆ ಕಾರು ಉರುಳಿ ಜೀವ ಹೋದ ಸುದ್ದಿ ಪಕ್ಕದ ಮಂಡ್ಯ ಜಿಲ್ಲೆಯಿಂದ ಮತ್ತೆ ಮತ್ತೆ ಬಂದಿದೆ. ಕತ್ತಲಾದ ಮೇಲೆ ನಾಲೆ ದಾರಿಗೆ ಇಳಿಯಲೇಬಾರದು.

ನೀರಿನ ಜಾಡು ಹಿಡಿದು ಪೂರ್ವಕ್ಕೆ, ಚನ್ನರಾಯಪಟ್ಟಣದ ಕಡೆಗೆ ಹೊರಟರೆ ನೆಲ ಒಣಗುತ್ತಾ ಹೋಗುತ್ತದೆ, ತೆಂಗು ಹೆಚ್ಚುತ್ತದೆ. ಅಲ್ಲಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ವಿಗ್ರಹಗಳ ಕೆಳಗೇ ಕೆತ್ತಲ್ಪಟ್ಟು ಉಳಿದಿದೆ. ಬೇಲೂರು ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲದ್ದರಿಂದ ಒಂದೊಂದು ವಿಗ್ರಹದ ಮುಂದೆಯೂ ಬೇಕಾದಷ್ಟು ಹೊತ್ತು ನಿಲ್ಲಬಹುದು. ಅದೇ ತಾಲ್ಲೂಕಿನ ಸಂತೇಶಿವರ 1931ರಲ್ಲಿ ಎಸ್.ಎಲ್. ಭೈರಪ್ಪ ಹುಟ್ಟಿದ ಊರು. ಕಾದಂಬರಿಕಾರರು ತಮ್ಮ ಕೊನೆಯ ವರ್ಷಗಳಲ್ಲಿ ಊರಿನ ಕೆರೆಗೆ ನೀರು ತರಿಸಬೇಕೆಂದು ಸರ್ಕಾರದ ಬೆನ್ನು ಹತ್ತಿದರು, ನೀರು ಬರುವುದನ್ನು ಕಂಡರು. ಒಂದು ಕೆರೆ ತುಂಬುವುದೆಂದರೆ ಏನೆಂಬುದು ಈ ಕಡೆಯ ಒಣ ಹೊಲಗಳ ನಡುವೆ ಹಾದು ಬಂದವರಿಗೆ ಅರ್ಥವಾಗುತ್ತದೆ. ಶ್ರವಣಬೆಳಗೊಳವೂ ಇದೇ ತಾಲ್ಲೂಕಿನದು. ಸುತ್ತಣ ಎಷ್ಟೋ ಹಳ್ಳಿ ರಸ್ತೆಗಳಿಂದ ಅಲ್ಲಿನ ವಿಂಧ್ಯಗಿರಿ ಬೆಟ್ಟದ ತುದಿ ದೂರದಿಂದಲೇ ಕಾಣುವುದರಿಂದ ದಿಕ್ಕು ತಪ್ಪಿದವರಿಗೆ ಅದೇ ಗುರುತು.

ಅರಕಲಗೂಡಿನ ಕಡೆಗೆ ತಿರುಗಿದರೆ ನೋಟ ಬದಲಾಗುತ್ತದೆ. ನೆಲ ಹಸಿರು, ಮಳೆ ಹೆಚ್ಚು, ಹೊಲಗಳ ಮಧ್ಯೆ ಚಿಮಣಿಯಿರುವ ಎತ್ತರದ ಸಣ್ಣ ಕಟ್ಟಡಗಳು. ಅವು ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಮಳೆಗಾಲದಲ್ಲಿ ಸೌದೆ ಉರಿಸಿ ಎಲೆ ಹದ ಮಾಡುವಾಗ ಇಡೀ ರಸ್ತೆಗೆ ಅದರ ವಾಸನೆ. ಈ ಸೊಪ್ಪು ಹರಾಜಾಗುವ ಮಾರುಕಟ್ಟೆ ರಾಮನಾಥಪುರದಲ್ಲಿದೆ. ಕಾವೇರಿ ದಡದ ಈ ಊರಿನಲ್ಲಿ ದೇವರ ಮೀನುಗಳೆಂದು ಯಾರೂ ಹಿಡಿಯದ ಮೀನುಗಳಿವೆ. ಬಂದವರು ಪುರಿ ಎರಚಿದರೆ ನೀರು ಕುದಿದಂತೆ ಮೇಲೆ ಬರುತ್ತವೆ. ಹತ್ತಿರದ ರುದ್ರಪಟ್ಟಣ ಸಂಗೀತಗಾರರ ಊರು. ರುದ್ರಪಟ್ಟಣ ಸಹೋದರರೆಂದು ಹೆಸರಾದ ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಮತ್ತು ಆರ್.ಕೆ. ಪದ್ಮನಾಭ ಇಲ್ಲಿನ ಮನೆತನಗಳವರು. ಇಷ್ಟು ಚಿಕ್ಕ ಹೊಳೆದಡದ ಹಳ್ಳಿಯಿಂದ ಇಷ್ಟು ಮಂದಿ ವಿದ್ವಾಂಸರು ಬಂದದ್ದು ನಿಜಕ್ಕೂ ದೊಡ್ಡ ಸಂಗತಿ.

ಗೊರೂರಿನ ಕಡೆ ಹಿನ್ನೀರಿನಂಚಿಗೆ ಶೆಟ್ಟಿಹಳ್ಳಿಯ ಚರ್ಚು ಇದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು. ಜಲಾಶಯ ತುಂಬಿದಾಗ ಚರ್ಚು ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಗೋಡೆಗಳು ಶಿಥಿಲ, ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು ಅಪಾಯ. ಹಳ್ಳಿಯ ಬದುಕನ್ನು ಕನ್ನಡ ಗದ್ಯಕ್ಕೆ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಈ ದಡದವರು. ಇನ್ನೂ ಪಶ್ಚಿಮಕ್ಕೆ ಆಲೂರು, ಸಕಲೇಶಪುರದ ಕಾಫಿ ತೋಟಗಳ ನಡುವೆ ಕಾಡಾನೆಗಳ ಓಡಾಟವಿದೆ. ಸಂಜೆಯ ಮೇಲೆ ಆ ದಾರಿ ಬೇಡ.

ಯಾವ ತಿಂಗಳಲ್ಲಿ ಹೊರಟರೆ ಒಳ್ಳೆಯದು ಎಂಬುದಕ್ಕೆ ಉತ್ತರ ಒಂದೇ ಅಲ್ಲ. ಮುಂಗಾರಿನ ಮೊದಲ ಮಳೆಗೆ ಆಲೂಗಡ್ಡೆ ಬಿತ್ತನೆ. ಹಾಸನ ಒಂದು ಕಾಲಕ್ಕೆ ಆಲೂಗಡ್ಡೆಗೇ ಹೆಸರಾಗಿತ್ತು; ಅಂಗಮಾರಿ ರೋಗ ಮತ್ತೆ ಮತ್ತೆ ಬಿದ್ದ ಮೇಲೆ ಎಷ್ಟೋ ಹೊಲಗಳಿಗೆ ಮುಸುಕಿನ ಜೋಳ, ಶುಂಠಿ ಬಂದವು. ಕೆರೆ ನೋಡಬೇಕೆನ್ನುವವರಿಗೆ ಅಕ್ಟೋಬರ್, ನವೆಂಬರ್ ಸರಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ. ಹಳ್ಳಿ ಹೋಟೆಲಿನಲ್ಲಿ ರಾಗಿಮುದ್ದೆಯ ಜೊತೆ ಅವರೆಕಾಳು ಸಾರು ಸಿಗುವ ದಿನಗಳು ಅವು. ಅದೇ ಹೊತ್ತಿಗೆ ರಸ್ತೆಯ ಮೇಲೆ ಒಕ್ಕಣೆಯೂ ನಡೆಯುತ್ತದೆ. ಕಣ ಮಾಡಲು ಜಾಗವಿಲ್ಲದ ರೈತರು ರಾಗಿ ತೆನೆ, ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹರಡುತ್ತಾರೆ, ಹಾಯುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು. ಬೈಕು ಅದರ ಮೇಲೆ ಜಾರುತ್ತದೆ. ಕಾರಿಗೆ ಇನ್ನೊಂದು ಅಪಾಯ: ಒಣ ಹುರುಳಿ ಬಳ್ಳಿ ಆಕ್ಸೆಲಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತಬಹುದು. ಪಕ್ಕದಲ್ಲಿ ಜಾಗವಿದ್ದರೆ ತಪ್ಪಿಸಿ ಹೋಗುವುದು, ಹಾಯಲೇಬೇಕಾದರೆ ಮುಂದೆ ನಿಲ್ಲಿಸಿ ಗಾಡಿಯ ಅಡಿಯಲ್ಲಿ ಸಿಕ್ಕಿಕೊಂಡದ್ದನ್ನು ಎಳೆದು ತೆಗೆಯುವುದು ಒಳ್ಳೆಯದು.

ದಾರಿ ಕೇಳುವುದಕ್ಕೆ ಅರಳೀಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ‘ಯಜಮಾನ್ರೇ, ಈ ದಾರಿ ಎಲ್ಲಿಗೆ ಹೋಗುತ್ತೆ?’ ಎಂದು ಇಳಿದು ನಿಂತು ಕೇಳಿದರೆ ‘ಸೀದಾ ಹೋಗಿ, ಕೆರೆ ಕೋಡಿ ತಾವ ಎಡಕ್ ತಿರುಗ್ಕಳಿ’ ಎಂಬ ಉತ್ತರದ ಜೊತೆಗೆ ಯಾವ ಊರಿನವರು, ಯಾರ ಮನೆಗೆ ಬಂದದ್ದು ಎಂಬ ಪ್ರಶ್ನೆಯೂ ಬರುತ್ತದೆ. ಸುಮ್ಮನೆ ಸುತ್ತಲು ಬಂದೆವೆಂದರೆ ಅವರಿಗೆ ಮೊದಲು ನಂಬಿಕೆಯಾಗದು. ಆಮೇಲೆ ತಮ್ಮೂರಿನಲ್ಲಿ ನೋಡತಕ್ಕದ್ದನ್ನು ಅವರೇ ಹೇಳುತ್ತಾರೆ: ತೋಪಿನಲ್ಲಿರುವ ವೀರಗಲ್ಲು, ಪಕ್ಕದೂರಿನ ಸಂತೆ, ಬೀಗ ಹಾಕಿದ ಗುಡಿಯ ಬೀಗದಕೈ ಯಾರ ಮನೆಯಲ್ಲಿದೆ ಎಂಬುದು. ಗುಂಪಾಗಿ ಹೋದವರು ಊರೊಳಗೆ ಹಾಡಿನ ಸದ್ದು ತಗ್ಗಿಸಬೇಕು, ಕೆರೆ ಏರಿಯ ಮೇಲೆ ಬಾಟಲಿ ಒಡೆಯಬಾರದು. ಆ ಗಾಜು ಹೋಗಿ ಚುಚ್ಚುವುದು ಬರಿಗಾಲಿನಲ್ಲಿ ಗದ್ದೆಗಿಳಿಯುವವರನ್ನು, ಮೇಯಲು ಬರುವ ದನಗಳನ್ನು. ಎಳನೀರು ಕುಡಿದದ್ದಕ್ಕೆ ಚೌಕಾಸಿ ಮಾಡದೆ ಹಣ ಕೊಡಬೇಕೆಂಬುದನ್ನೂ ಇಲ್ಲಿ ಸೇರಿಸಬಹುದು.

ಹಿಂದಿರುಗುವುದನ್ನು ಮಾತ್ರ ಗೊತ್ತುಮಾಡಿಕೊಳ್ಳಬೇಕು. ಹಳ್ಳಿ ರಸ್ತೆಗಳ ಎಷ್ಟೋ ಹಂಪುಗಳಿಗೆ ಬಣ್ಣವಿಲ್ಲ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಹಿಂದಿನ ದೀಪವಿಲ್ಲದೆ ಓಡುತ್ತವೆ, ಸಂಜೆ ಹೊತ್ತು ಕುರಿಮಂದೆಗಳು ರಸ್ತೆ ತುಂಬಿರುತ್ತವೆ. ಪೆಟ್ರೋಲ್ ಬಂಕುಗಳೂ ದೊಡ್ಡ ರಸ್ತೆಗಳಲ್ಲೇ ಹೆಚ್ಚು. ಹೊತ್ತು ಮುಳುಗುವ ಮುಂಚೆ ಹಸಿರು ಅಥವಾ ಹಳದಿ ಕಲ್ಲಿನ ರಸ್ತೆ ಸೇರಿಕೊಂಡರೆ ಹಾಸನದ ಕಡೆಗಾದರೂ ಮೈಸೂರಿನ ಕಡೆಗಾದರೂ ದಾರಿ ಸುಗಮ.