ವಿಮಾನ ಹಿಡಿದು ಕೆಲಸಕ್ಕೆ ಹೋಗುವ ವಿಮಾನಚಾಲಕರು

ನಮ್ಮ ನೆರೆಮನೆಯ ನಿವೃತ್ತ ಹೆಡ್‌ಮಾಸ್ತರರ ಮೊಮ್ಮಗನು ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವನು. ಪೈಲಟ್ ಆಗಬೇಕೆಂಬುದು ಅವನ ಹಂಬಲ. "ಆ ಉದ್ಯೋಗ ಎಂಥದೆಂದು ಸ್ವಲ್ಪ ಓದಿ ಹೇಳಿ" ಎಂದು ಹಿರಿಯರು ನನ್ನನ್ನು ಕೇಳಿದರು. ಹಳಗನ್ನಡ ಪಾಠ ಹೇಳುವವನಿಗೆ ವಿಮಾನದ ಗೊಡವೆ ಏಕೆಂದು ಓದುಗರು ನಗಬಹುದು. ಆದರೂ ಓದಿದೆ. ಸಮವಸ್ತ್ರ, ಸಂಬಳಗಳ ಸಂಗತಿ ಎಲ್ಲರೂ ಬಲ್ಲದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು: ಅಲ್ಲಿಯ ಅನೇಕ ಚಾಲಕರು ಕೆಲಸಕ್ಕೆ ಹೋಗುವುದೂ ವಿಮಾನದಲ್ಲಿಯೇ!

ಪ್ರತಿಯೊಬ್ಬ ಚಾಲಕನಿಗೂ ಕಂಪನಿಯು ಒಂದು ನೆಲೆಯೂರನ್ನು ಗೊತ್ತುಮಾಡುತ್ತದೆ. ಅವನ ಹಾರಾಟಗಳು ಅಲ್ಲಿಂದಲೇ ಆರಂಭ. ಯಾವ ನೆಲೆ, ಯಾವ ವಿಮಾನ, ಯಾವ ಹಬ್ಬಕ್ಕೆ ರಜ ಎಂಬುದೆಲ್ಲ ಸೇವೆಯ ಹಿರಿತನವನ್ನು ಅವಲಂಬಿಸಿದೆ. ಕಂಪನಿ ಬದಲಿಸಿದರೆ ಇಪ್ಪತ್ತು ವರ್ಷದ ಅನುಭವಿಯೂ ಪಟ್ಟಿಯ ಕೊನೆಗೆ ಇಳಿಯುತ್ತಾನೆ. ಹೀಗಾಗಿ ಬಿಡುವಂತಿಲ್ಲ, ಮಡದಿಯ ಉದ್ಯೋಗ, ಮಕ್ಕಳ ಶಾಲೆಗಳನ್ನು ಬಿಟ್ಟು ಸಂಸಾರವನ್ನು ಕಿತ್ತೊಯ್ಯುವಂತೆಯೂ ಇಲ್ಲ. ಮನೆ ಒಂದು ತುದಿಯಲ್ಲಿ, ನೆಲೆ ಮತ್ತೊಂದು ತುದಿಯಲ್ಲಿ.

ತೆರವಾಗಿ ಉಳಿದ ಆಸನದಲ್ಲೋ, ಚಾಲಕರ ಕೋಣೆಯ ಹೆಚ್ಚುವರಿ ಪೀಠದಲ್ಲೋ ಕುಳಿತು ಅವರು ಬರುತ್ತಾರೆ. ಎರಡೂ ಭರ್ತಿಯಾಗಿದ್ದರೆ ಮುಂದಿನ ವಿಮಾನಕ್ಕೆ ಕಾಯಬೇಕು. ನಿಲ್ದಾಣದ ಸಮೀಪ ಹಲವರು ಕೂಡಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಅಟ್ಟಣೆಯ ಮಂಚಗಳಲ್ಲಿ ಮಲಗುವುದುಂಟು. ಕೆಲವೆಡೆ ಮಂಚವೂ ಸ್ವಂತದ್ದಲ್ಲ; ಒಬ್ಬನು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬನು ಮಲಗುತ್ತಾನೆ. ನಮ್ಮ ವಿದ್ಯಾರ್ಥಿನಿಲಯಗಳೇ ವಾಸಿ!

ಆ ಖರ್ಚೂ ಭಾರವಾದವರ ಗತಿ 2009ರಲ್ಲಿ ಬೆಳಕಿಗೆ ಬಂದಿತು. ಆ ವರ್ಷ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಹೊರಟ ಕೋಲ್ಗನ್ ಏರ್ ವಿಮಾನವು ಬಫಲೋ ನಗರದ ಬಳಿ ಒಂದು ಮನೆಯ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಮಂದಿಯೂ ಮನೆಯೊಳಗಿದ್ದ ಒಬ್ಬರೂ ಮಡಿದರು. ಇಪ್ಪತ್ತನಾಲ್ಕರ ಹರೆಯದ ಸಹಚಾಲಕಿಯು ಹಿಂದಿನ ಸಂಜೆ ಸಿಯಾಟಲ್‌ನಿಂದ ಹೊರಟು, ಮೆಂಫಿಸ್‌ನಲ್ಲಿ ನಡುರಾತ್ರಿ ವಿಮಾನ ಬದಲಿಸಿ, ಸರಕು ವಿಮಾನಗಳಲ್ಲಿ ಬೆಳಗಾಗುವ ಹೊತ್ತಿಗೆ ನ್ಯೂವಾರ್ಕ್ ಸೇರಿದ್ದಳು. ಕ್ಯಾಪ್ಟನ್ನನ ಮನೆ ಫ್ಲಾರಿಡಾದಲ್ಲಿ. ಇಬ್ಬರೂ ಸಿಬ್ಬಂದಿಯ ಕೋಣೆಯಲ್ಲಿಯೇ ವಿಶ್ರಮಿಸಿದ್ದರು. ವೇಗ ಕುಸಿಯುತ್ತಿದೆಯೆಂದು ಯಂತ್ರವು ಎಚ್ಚರಿಸಿದಾಗ ಕ್ಯಾಪ್ಟನ್ನನು ಮೂತಿಯನ್ನು ಕೆಳಗಿಳಿಸುವ ಬದಲು ಮೇಲೆತ್ತಿದನು. ಅಪಘಾತಕ್ಕೆ ಅದೇ ಕಾರಣವೆಂದು ತನಿಖೆ ಹೇಳಿತು. ಆಯಾಸವು ಅವರ ಕೆಲಸವನ್ನು ಕೆಡಿಸಿರಬಹುದು, ಎಷ್ಟೆಂದು ಅಳೆಯಲಾಗದು ಎಂದೂ ಹೇಳಿತು. ನ್ಯೂವಾರ್ಕ್ ನೆಲೆಯಲ್ಲಿದ್ದ ಆ ಕಂಪನಿಯ 137 ಚಾಲಕರಲ್ಲಿ 93 ಮಂದಿ ಹೀಗೆ ದೂರದಿಂದ ಬರುವವರೇ ಆಗಿದ್ದರು.

ಅನಂತರ ಕಟ್ಟಳೆಗಳು ಬಿಗಿಯಾದವು. 2014ರಿಂದ ಕೆಲಸಕ್ಕೆ ಮುನ್ನ ಹತ್ತು ಗಂಟೆಯ ವಿಶ್ರಾಂತಿಯನ್ನು ಕೊಡಲೇಬೇಕು. ಆದರೆ ಮನೆಯಿಂದ ನೆಲೆಗೆ ಬರುವ ದಾರಿಯು ಕೆಲಸದ ಲೆಕ್ಕಕ್ಕೆ ಸೇರುವುದಿಲ್ಲ. ದಣಿವಿಲ್ಲದೆ ಬರುವುದು ಚಾಲಕನದೇ ಹೊಣೆ. ಹೀಗೆ ಹೊಣೆಯನ್ನು ಒಬ್ಬರ ಹೆಗಲಿಗೇ ಜಾರಿಸುವುದು ನನಗೇನೋ ಒಪ್ಪಿಗೆಯಾಗಲಿಲ್ಲ.

ಇದನ್ನೆಲ್ಲ ಹೇಳಿದಾಗ ಹೆಡ್‌ಮಾಸ್ತರರು, "ನಮ್ಮ ಹುಡುಗನ ಮನೆ ನ್ಯೂವಾರ್ಕ್ ಪಕ್ಕದಲ್ಲಿಯೇ ಇದೆಯಲ್ಲ?" ಎಂದರು.

"ಇದೆ ಸಾರ್. ನೆಲೆಯೂ ಅಲ್ಲಿಯೇ ಸಿಗಬೇಕಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸೊಸೆಗೆ ಇಂದೇ ಫೋನ್ ಮಾಡುತ್ತೇನೆ. ಎಷ್ಟು ವರ್ಷಕ್ಕೆ ಸಿಗುತ್ತದೆಂದು ಮೊದಲು ವಿಚಾರಿಸಲಿ" ಎಂದು ಎದ್ದರು.