ಪರದೆಯ ಹಿಂದಿನ ಕೊರಳು, ಟಾಕೀಸಿನ ಮೇಲಿನ ಹೆಸರು

ಸಂತೆ, ಕೋರ್ಟು, ದವಾಖಾನೆ ಅಂತ ತಿಕೋಟಾ, ಬಬಲೇಶ್ವರ ಕಡೆಯಿಂದ ವಿಜಯಪುರಕ್ಕೆ ಬಂದು ಹೋಗುವವರಿಗೆ ಅಮೀರ್ ಟಾಕೀಸ್ ಎಂಬ ಹೆಸರು ಹೊಸದೇನಲ್ಲ. ಅದು ಯಾರ ಹೆಸರು ಎಂದು ಕೇಳಿದರೆ ಮಾತ್ರ ಇಂದಿನ ಹುಡುಗರು ತಡವರಿಸುತ್ತಾರೆ. ಅದು ಬೀಳಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹಾಡಿ ಹೆಸರು ಗಳಿಸಿದ ಹೆಣ್ಣುಮಗಳು ಅಮೀರಬಾಯಿ ಕರ್ನಾಟಕಿಯ ಹೆಸರು.

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ 1997ರವರೆಗೆ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯದೇ ಊರು. ಅಮೀರಬಾಯಿ ಹುಟ್ಟಿದ್ದು ಹಾಡು, ನಾಟಕವನ್ನೇ ನೆಚ್ಚಿದ ಮನೆತನದಲ್ಲಿ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಮರಾಠಿ ರಂಗಭೂಮಿಯಲ್ಲಿ ಹಾಡಿ ನಟಿಸಿದವರು. ಅಕ್ಕನ ಬೆನ್ನಿಗೇ ಸಿನಿಮಾಕ್ಕೆ ಬಂದ ತಂಗಿ 1934ರ ‘ವಿಷ್ಣುಭಕ್ತಿ’ಯಲ್ಲಿ ಕಾಣಿಸಿಕೊಂಡರು. ಆಗ ನಟಿಸುವವರೇ ಹಾಡಬೇಕಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಹಿನ್ನೆಲೆ ಗಾಯನ ಬೇರೂರಿ, ಮುಖ ಒಬ್ಬರದು, ಕೊರಳು ಇನ್ನೊಬ್ಬರದು ಎಂಬಂತಾಯಿತು.

ಅಮೀರಬಾಯಿಯವರನ್ನು ದೇಶಕ್ಕೆ ಪರಿಚಯಿಸಿದ್ದು ಈ ಬದಲಾವಣೆಯೇ. 1943ರಲ್ಲಿ ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸ್ ಅವರ ಸಂಗೀತ. ನಾಯಕಿ ಮುಮ್ತಾಜ್ ಶಾಂತಿಗೆ ಅಮೀರಬಾಯಿ ಹಾಡಿದರು. ದೀಪಾವಳಿಯ ಸಡಗರದ ನಡುವೆ ಒಂಟಿ ಹೆಣ್ಣಿನ ಸಂಕಟ, ಜೋಗುಳದಂಥ ಇನ್ನೊಂದು ಹಾಡು, ಗಾಯಕ ಖಾನ್ ಮಸ್ತಾನ ಅವರ ಜೊತೆಗಿನ ದೇಶಭಕ್ತಿಯ ಗೀತೆ ಎಲ್ಲವೂ ಜನರ ಬಾಯಲ್ಲಿ ಉಳಿದವು. ಕವಿ ಪ್ರದೀಪ್ ಬರೆದ ಆ ದೇಶಭಕ್ತಿ ಗೀತೆಯಲ್ಲಿ ಜರ್ಮನಿ, ಜಪಾನುಗಳನ್ನು ವೈರಿಗಳೆಂದು ಹೆಸರಿಸಿದ್ದರಿಂದ ಸೆನ್ಸಾರ್ ಬಿಟ್ಟಿತು. ಕೇಳಿದವರಿಗೆ ಅದು ಬ್ರಿಟಿಷರಿಗೇ ಹೇಳಿದ ಮಾತು ಎಂದು ತಿಳಿಯಲು ತಡವಾಗಲಿಲ್ಲ. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಚಿತ್ರ ಮೂರು ವರ್ಷಕ್ಕೂ ಮೇಲೆ ಓಡಿತು.

‘ಕಿಸ್ಮತ್’ನ ನಾಯಕಿ ರಾಣಿಯೂ ಹಾಡುಗಾರ್ತಿಯೇ. ತಂದೆಗೆ ಸ್ವಂತ ಥಿಯೇಟರ್ ಇತ್ತು. ಅವನ ದುಡ್ಡಿನಾಸೆ, ಕುಡಿತದಿಂದ ಮಗಳ ಕಾಲು ಹೋಯಿತು, ಥಿಯೇಟರು ಪರರ ಪಾಲಾಯಿತು. ಅದೇ ಅಂಗಳದಲ್ಲಿ ಅವಳು ಕೂಲಿಗೆ ಹಾಡಬೇಕಾಯಿತು. ಪರದೆಯ ಮೇಲೆ ಥಿಯೇಟರ್ ಕಳೆದುಕೊಂಡ ಆ ಹೆಣ್ಣಿಗೆ ದನಿಯಾದ ಅಮೀರಬಾಯಿ ವಿಜಾಪುರದಲ್ಲಿ ಸ್ವಂತ ಟಾಕೀಸ್ ಕಟ್ಟಿಸಿದರು, ತಮ್ಮದೇ ಹೆಸರಿಟ್ಟರು.

ಹೆಸರಿಟ್ಟದ್ದು ದೊಡ್ಡ ಮಾತು. ಮುಖ, ಕೊರಳು ಎರಡೂ ಒಬ್ಬರದೇ ಆದರೆ ಹೆಸರು ತಾನಾಗಿ ದಕ್ಕುತ್ತದೆ. ಯುದ್ಧದಲ್ಲಿ ಸೋತ ಜಪಾನಿನಲ್ಲಿ 1949ರಲ್ಲಿ ಹನ್ನೆರಡರ ಹುಡುಗಿ ಮಿಸೊರಾ ಹಿಬಾರಿ ‘ಕನಾಶಿಕಿ ಕುಚಿಬುಯೆ’ ಚಿತ್ರದಲ್ಲಿ ತಾನೇ ನಟಿಸಿ, ತಾನೇ ಹಾಡಿ ಮನೆಮಾತಾದಳು. ಅದೇ ವರ್ಷ ನಮ್ಮಲ್ಲಿ ‘ಮಹಲ್’ ಚಿತ್ರದ ಗ್ರಾಮಫೋನ್ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿರಲಿಲ್ಲ, ಪಾತ್ರದ ಹೆಸರಿತ್ತು. ಹಾಡಿದವರು ಯಾರೆಂದು ಕೇಳುಗರಿಗೆ ಗೊತ್ತಾಗದೇ ಹೋಗಬಹುದಾಗಿದ್ದ ಆ ಕಾಲದಲ್ಲಿ, ಹಾಡುಗಾರ್ತಿಯೊಬ್ಬರ ಹೆಸರು ವಿಜಾಪುರದಲ್ಲಿ ಕಟ್ಟಡದ ನೆತ್ತಿಯ ಮೇಲೆ ನಿಂತಿತು.

1948ರ ‘ಶಹನಾಜ್’ ಚಿತ್ರಕ್ಕೆ ಅಮೀರಬಾಯಿಯವರೇ ಸಂಗೀತ ಕೊಟ್ಟರು. ಆದರೆ ಲತಾ ಅವರ ತೆಳು, ಏರುದನಿಗೆ ಮುಂಬಯಿ ಮನಸೋಲುತ್ತಿದ್ದಂತೆ ತುಂಬುಕಂಠದ ಹಿರಿಯ ಗಾಯಕಿಯರಿಗೆ ಅವಕಾಶ ಕಡಿಮೆಯಾಯಿತು. ಅಮೀರಬಾಯಿ ಪೋಷಕ ಪಾತ್ರಗಳತ್ತ ಹೊರಳಿದರು. 1965ರ ಮಾರ್ಚ್‌ನಲ್ಲಿ ತೀರಿಕೊಂಡರು. ಬಹುಕಾಲದ ಮೇಲೆ ರಹಮತ್ ತರೀಕೆರೆ ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆದು ನಾಡಿನ ಮೇಲಿದ್ದ ಅವರ ಋಣವನ್ನು ಒಂದಿಷ್ಟು ತೀರಿಸಿದರು.

ಉಳಿದದ್ದನ್ನು ನಾವು ತೀರಿಸಬೇಕು. ಮೂರು ನಿಮಿಷದ ಹಾಡು ಹೊತ್ತ ಆ ಕಾಲದ ಗ್ರಾಮಫೋನಿನ ಅರಗಿನ ತಟ್ಟೆ ಕೈಜಾರಿದರೆ ಚೂರು. ಸೂಜಿ ತಾಗಿದಷ್ಟೂ ಸವೆಯುತ್ತದೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲೇ, ತೊರವಿಯಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಜಿಲ್ಲೆಯ ಅಟ್ಟಗಳ ಮೇಲೆ ಧೂಳು ತಿನ್ನುತ್ತಿರುವ ಅಮೀರಬಾಯಿಯವರ ತಟ್ಟೆಗಳು ಅಲ್ಲಿಗೆ ಸೇರಲಿ. ಹಾಡುವ ಕನಸಿರುವ ಬಬಲೇಶ್ವರದ ಹುಡುಗಿಗೆ ತನ್ನ ಸೀಮೆಯ ಹಿರಿಯಳ ದನಿ ಕೇಳಲು ಸಿಗಬೇಕು.