ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್‌ನ ಬೆರಳು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಟಿಪ್ಪು ಸುಲ್ತಾನ್ ಅದನ್ನು ಕಟ್ಟಿಸಿದ್ದು 1784ರಲ್ಲಿ. ಪಶ್ಚಿಮದ ಗೋಡೆಯ ಮೇಲೆ ಒಂದು ದೊಡ್ಡ ಯುದ್ಧಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ ಚಿತ್ರ ಅದು.

ಎಲ್ಲರೂ ಅದನ್ನು ವೀರಚಿತ್ರ ಅನ್ನುತ್ತಾರೆ. ಆದರೆ ಅದು ವಿಡಂಬನೆಯೂ ಹೌದು. ಹೇಗೆಂದು ಹೇಳುತ್ತೇನೆ.

ಕಂಪನಿಯ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ. ಎಲ್ಲರದ್ದೂ ಒಂದೇ ಮುಖ, ಮೀಸೆ ಇಲ್ಲ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಅಷ್ಟು ಗದ್ದಲದಲ್ಲಿ ಅವರ ನಾಯಕ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ನಾಟಕ ನೋಡಲು ಬಾಲ್ಕನಿ ಸೀಟು ಹಿಡಿದ ಸಾಹುಕಾರನ ಹಾಗೆ. ಟಿಪ್ಪುವಿನ ಕೈಯಲ್ಲಿ ಮಾತ್ರ ಗುಲಾಬಿ.

ಬೈಲಿಯ ಬೆರಳು ಬಾಯಲ್ಲಿದೆ. ನಾವು ಟ್ರಿಪ್ ಹೋದಾಗ ಗೈಡ್ ಒಬ್ಬರು, "ಹೆದರಿ ಉಗುರು ಕಚ್ಚುತ್ತಿದ್ದಾನೆ" ಅಂದರು. ಎಲ್ಲರೂ ನಕ್ಕೆವು. ನನಗೆ ಮಾತ್ರ ದಾದಿಯ ಮಾತು ನೆನಪಾಯಿತು. ಉರ್ದುವಿನಲ್ಲಿ 'ದಾಂತೋಂ ತಲೇ ಉಂಗ್ಲಿ ದಬಾನಾ' ಎಂದರೆ ಹಲ್ಲಿನ ನಡುವೆ ಬೆರಳು ಒತ್ತುವುದು. ಅದರ ಅರ್ಥ ಹೆದರುವುದಲ್ಲ, ದಂಗಾಗುವುದು. ಹಳೆಯ ಪರ್ಷಿಯನ್ ಮತ್ತು ಮೊಘಲ್ ಚಿತ್ರಗಳಲ್ಲೂ ಬೆರಳು ಬಾಯಿಗೆ ಹೋದರೆ ಆಶ್ಚರ್ಯ ಎಂದೇ ಅರ್ಥ. ಕನ್ನಡದಲ್ಲಿ ನಾವು ಮೂಗಿನ ಮೇಲೆ ಬೆರಳಿಡುತ್ತೇವಲ್ಲ, ಹಾಗೆ.

ಇದರಿಂದ ಚಿತ್ರದ ನಗು ಬದಲಾಗುತ್ತದೆ. ಹೇಡಿಯನ್ನು ನೋಡಿ ನಗುವುದು ಸುಲಭ. ಇಲ್ಲಿ ಕಲಾವಿದ ನಗುತ್ತಿರುವುದು ದೊಡ್ಡಸ್ತಿಕೆಯನ್ನು ನೋಡಿ: ತಾನು ಸೋಲುವುದೇ ಇಲ್ಲ ಅಂದುಕೊಂಡಿದ್ದವನು ಈಗ ನಂಬಲಾಗದೆ ನೋಡುತ್ತಿದ್ದಾನೆ. ಲಂಡನ್ನಿನ ವಿಲಿಯಂ ಹೊಗಾರ್ಥ್ 1733ರಲ್ಲಿ ನಾಟಕಶಾಲೆಯ ಪ್ರೇಕ್ಷಕರ ಚಿತ್ರ ಮಾಡಿದ. ಅದರಲ್ಲಿ ಕೆಳಗಿನವರು ಬಾಯ್ತುಂಬ ನಗುತ್ತಾರೆ, ಮೇಲಿನ ಶ್ರೀಮಂತರು ವೇದಿಕೆಯನ್ನೇ ನೋಡದೆ ಕಿತ್ತಳೆ ಮಾರುವ ಹೆಂಗಸರ ಜೊತೆ ಸರಸವಾಡುತ್ತಾರೆ. ಅಲ್ಲಿನ ದೊಡ್ಡವರು ನೋಡುವುದಿಲ್ಲ. ಇಲ್ಲಿನ ದೊಡ್ಡವನು ಕಣ್ಣು ತೆಗೆಯಲಾರ.

ನಗು ಅಲ್ಲಿಗೇ ನಿಲ್ಲಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇದೇ ಅರಮನೆಯಲ್ಲಿ ವಾಸವಿದ್ದದ್ದು ಆರ್ಥರ್ ವೆಲ್ಲೆಸ್ಲಿ. ತನ್ನವರನ್ನೇ ಹಾಸ್ಯ ಮಾಡಿದ ಚಿತ್ರವನ್ನು ಅವನು ಅಳಿಸಲಿಲ್ಲ, ಸರಿಪಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬಣ್ಣ ಹಾಕಿಸಿದ. ಅಂದರೆ ಇಂದು ನಾವು ನೋಡುವ ಬಣ್ಣದಲ್ಲಿ ಸೋತವರ ಕಡೆಯವರು ಮಾಡಿಸಿದ ಕೆಲಸವೂ ಸೇರಿದೆ.

ಟಿಪ್ಪು ಹೆಸರು ಬಂದರೆ ಸಾಕು, ಇಂದು ಜಗಳ ಶುರುವಾಗುತ್ತದೆ. ಜಗಳಕ್ಕೆ ಮೊದಲು ಆ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಮುಂದಿನ ಟ್ರಿಪ್‌ನಲ್ಲಿ ಯಾರಾದರೂ "ಉಗುರು ಕಚ್ಚುತ್ತಿದ್ದಾನೆ" ಅಂದರೆ, ಅವರಿಗೆ ಈ ಬೆರಳಿನ ಅರ್ಥ ಹೇಳಿ.